ಬಾಯಿ ಮುಚ್ಚದ ಮೋತಿಗೆ ಎಕ್ಸ್‌ರೇ

೧೯೬೪ರ ಬೇಸಿಗೆ. ಮದುವೆಯಾಗಿ ಭದ್ರಾವತಿಯ ಜನ್ನಾಪುರಕ್ಕೆ ಬಂದಿದ್ದೆ; ನಾನಾಗ ಐದು ತಿಂಗಳ ಬಸುರಿ. ಯಜಮಾನರು ಕಾರ್ಖಾನೆಗೆ ಹೋದರೆ ನನಗೆ ಜೊತೆ ನಮ್ಮ ನಾಯಿ ಮೋತಿ ಒಂದೇ. ಮಾತಿನ ವಿಷಯದಲ್ಲಿ ಯಜಮಾನರಿಗಿಂತ ಮೋತಿಯೇ ವಾಸಿ, ಕರೆದರೆ ಬಾಲವನ್ನಾದರೂ ಆಡಿಸುತ್ತಿತ್ತು.

ಒಂದು ಬೆಳಿಗ್ಗೆ ಮೋತಿ ಬಾಯಿ ತೆರೆದುಕೊಂಡೇ ಬಂದು ನಿಂತಿತು. ಜೊಲ್ಲು ಸುರಿಯುತ್ತಿತ್ತು. ಎಲುಬು ಸಿಕ್ಕಿಕೊಂಡಿರಬೇಕೆಂದು ನಾನು ಹಿಂದೆಮುಂದೆ ನೋಡದೆ ಬಾಯೊಳಗೆ ಕೈ ಹಾಕಿ ತಡಕಾಡಿದೆ. ಏನೂ ಇರಲಿಲ್ಲ. ಹಿಂದಿನ ದಿನ ಈಳಿಗೆಮಣೆಯಲ್ಲಿ ಕುಯ್ದುಕೊಂಡಿದ್ದ ಬೆರಳು ಉರಿದಾಗಲೇ ನಾನು ಮಾಡಿದ್ದೇನೆಂದು ಹೊಳೆಯಿತು.

ಎದುರುಮನೆ ಅಜ್ಜಿ ಬಟ್ಟಲಲ್ಲಿ ನೀರಿಟ್ಟು ಹುಚ್ಚಿನ ಪರೀಕ್ಷೆ ಮಾಡಿದರು. ಮೋತಿ ಮೂತಿ ಅದ್ದಿತು, ಕುಡಿಯಲಾಗದೆ ತಲೆ ಕೊಡವಿ ಹಿಂದೆ ಸರಿಯಿತು.

“ನೋಡ್ದ್ಯಾ ಮಾರಾಯ್ತಿ, ನೀರು ಕಂಡ್ರೆ ಹೆದರುತ್ತೆ. ಹುಚ್ಚೇ ಇದು!”

ಬೀದಿಯ ಗಂಡಸರು ದೊಣ್ಣೆ ಹಿಡಿದು ಬಂದರು. ಇನ್ನು ನನಗೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್, ಅದೂ ಬಸುರಿಗೆ!

ಪಕ್ಕದ ಮನೆಯ ವ್ಯಾನ್ ಡ್ರೈವರ್ ಬಷೀರ್ ಸಾಹೇಬರು ಅಡ್ಡ ನಿಂತರು. “ಹೊಡಿಬೇಡ್ರಪ್ಪ. ಹೊಡೆದಾದ್ಮೇಲೆ ಹುಚ್ಚು ಹೌದೋ ಅಲ್ವೋ ಅಂತ ಯಾರನ್ನ ಕೇಳ್ತೀರಿ?” ಎಂದು ಮೋತಿಗೆ ಗೋಣಿಚೀಲ ಸುತ್ತಿ ವ್ಯಾನಿಗೆ ಹಾಕಿದರು. ಸುದ್ದಿ ತಿಳಿದು ಓಡಿಬಂದ ಯಜಮಾನರು ನನ್ನನ್ನೂ ಹತ್ತಿಸಿಕೊಂಡು ಶಿವಮೊಗ್ಗಕ್ಕೆ ಹೊರಟರು.

ಅಲ್ಲಿನ ದನದ ಡಾಕ್ಟರು ಕೈಗವಸು ಹಾಕಿಕೊಂಡು ನೋಡಿದರು. “ಹುಚ್ಚಾದ್ರೆ ದವಡೆ ನೆಟ್ಟಗೆ ಜೋತುಬೀಳುತ್ತೆ. ಇದು ಒಂದು ಕಡೆ ವಾಲಿದೆ. ಕೀಲು ತಪ್ಪಿರಬೇಕು, ಎಕ್ಸ್‌ರೇ ತೆಗೆಸೋಣ” ಎಂದರು. ನಾಯಿಗೆ ಎಕ್ಸ್‌ರೇ! ನಾವೇ ಅದುವರೆಗೆ ತೆಗೆಸಿಕೊಂಡವರಲ್ಲ.

ಅವರ ಸ್ನೇಹಿತರ ಆಸ್ಪತ್ರೆಯಲ್ಲಿ ಮೋತಿಗೆ ಮಂಪರು ಕೊಟ್ಟು, ಬಾಯಿ ಪೂರ್ತಿ ಅಗಲಿಸಿ ಒಂದು ಚಿತ್ರ, ಮುಚ್ಚುವಷ್ಟು ಮುಚ್ಚಿಸಿ ಇನ್ನೊಂದು ಚಿತ್ರ ತೆಗೆದರು. ಬಸುರಿಯಾದ್ದರಿಂದ ನನ್ನನ್ನು ಹೊರಗೆ ದೂರದಲ್ಲಿ ಕೂರಿಸಿದ್ದರು. ಒಳಗೆ ಎಕ್ಸ್‌ರೇ ತೆಗೆಯುವವರು ಅಭ್ಯಾಸಬಲದಿಂದ ಗಟ್ಟಿಯಾಗಿ, “ಉಸಿರು ಬಿಗಿಹಿಡೀರಿ... ಹ್ಞಾ, ಬಿಡಿ” ಎಂದರು. ಅಷ್ಟು ಸಂಕಟದಲ್ಲೂ ನನಗೆ ನಗು ಬಂತು.

ಡಾಕ್ಟರು ಎರಡೂ ಚಿತ್ರಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಅಡಿಪಟ್ಟಿಯಿಂದ ಅಳೆದರು. “ಬಲಗಡೆ ಕೀಲು ಚೆನ್ನಾಗಿ ಆಡಿದೆ. ಎಡಗಡೇದು ಒಂದು ನೂಲೂ ಅಲ್ಲಾಡಿಲ್ಲ. ಜೋರಾಗಿ ಆಕಳಿಸಿದ್ರೂ ಹೀಗಾಗುತ್ತಮ್ಮ” ಎಂದರು. ಹಿಂದಿನ ಹಲ್ಲುಗಳ ನಡುವೆ ಮರದ ಕೋಲಿಟ್ಟು ದವಡೆಯನ್ನು ಒತ್ತಿದರು. ಟಕ್ ಎಂದಿತು. ಮೋತಿಯ ಬಾಯಿ ಮುಚ್ಚಿತು!

“ನಂಗೆ ಇಂಜೆಕ್ಷನ್?” ಎಂದೆ.

“ಬೇಡಮ್ಮ. ಧೈರ್ಯಕ್ಕೆ ಹತ್ತು ದಿನ ಕಟ್ಟಿಹಾಕಿ ನೋಡ್ಕೊಳ್ಳಿ, ಸಾಕು.”

ಹೋದ ಜೀವ ಬಂದಂತಾಯಿತು. ಆ ಹತ್ತು ದಿನವೂ ಮೋತಿ ಗಡದ್ದಾಗಿ ತಿಂದುಕೊಂಡಿತ್ತು.

ಅಂದು ವಾಪಸು ಬರುವಾಗ, ಬಷೀರ್ ಸಾಹೇಬರು ಮುಂದೆಯೇ ಇದ್ದರೂ ಯಜಮಾನರು ನನ್ನ ಕೈ ಹಿಡಿದುಕೊಂಡರು. “ಮಗು ಹೋದ್ರೂ ಹೋಗ್ಲಿ, ಇವಳೊಬ್ಬಳು ಉಳಿದ್ರೆ ಸಾಕು ಅಂತ ದೇವ್ರಿಗೆ ಹೇಳ್ಕೊಂಡೆ ಕಣೇ” ಎಂದರು. ಬೆಳಗಿನಿಂದ ತಡೆದಿದ್ದ ಅಳು ನನಗೆ ಆಗ ಬಂತು.

ಮಗುವೂ ಸುಖವಾಗಿ ಹುಟ್ಟಿತು, ಹೆಣ್ಣು. ಅಪ್ಪನ ಪ್ರಾಣವೇ ಅವಳಾದಳು. ಅವರು ಅಂದು ಆಡಿದ ಮಾತನ್ನು ಮಾತ್ರ ನಾನು ಅವಳಿಗೆ ಇಂದಿನವರೆಗೂ ಹೇಳಿಲ್ಲ.