ಖಾಲಿ ಊರಿನಲ್ಲಿ ಒಂದು ಪಾದ

ಕಿನ್ನಿಗೋಳಿಯ ಗರ್ಟ್ರೂಡ್ ಹದಿನೆಂಟು ವರ್ಷ ದುಬೈಯ ದೇರಾದ ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ಫಿಲ್ಮ್ ತೊಳೆಯುತ್ತಿದ್ದಳು. ಕತ್ತಲೆ ಕೋಣೆ, ಕೆಂಪು ದೀಪ, ಕೈಗೆ ಅಂಟಿದ ಹುಳಿ ವಾಸನೆ. ಯಂತ್ರಗಳು ಡಿಜಿಟಲ್ ಆದ ಮೇಲೆ ಆ ಕೋಣೆಯಲ್ಲಿ ನೀರಿನ ಬಾಟಲಿಗಳನ್ನು ಜೋಡಿಸಿಟ್ಟರು. ಅವಳನ್ನು ರಿಸೆಪ್ಶನ್‌ಗೆ ಕಳಿಸಿದರು.

ಐವತ್ತೆಂಟನೆಯ ವಯಸ್ಸಿನಲ್ಲಿ ಹೊಸ ಕೆಲಸ ಸಿಕ್ಕಿತು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಗೋದಾಮೊಂದರಲ್ಲಿ ಒಬ್ಬ ಶ್ರೀಮಂತರ ಹಳೆಯ ಫೋಟೋ ಸಂಗ್ರಹವಿತ್ತು. ಅದರಲ್ಲಿ ಇನ್ನೂರಕ್ಕೂ ಹೆಚ್ಚು ಗಾಜಿನ ನೆಗೆಟಿವ್‌ಗಳು: ೧೮೫೭ರ ದಂಗೆ ಅಡಗಿದ ಮೇಲೆ ಯಾರೋ ಬಿಳಿಯ ಫೋಟೋಗ್ರಾಫರ್ ತೆಗೆದ ಲಕ್ನೋದ ಪಾಳುಗಳು. ಗಾಜು ಒಡೆಯದ ಹಾಗೆ ಹಿಡಿದು ಸ್ಕ್ಯಾನ್ ಮಾಡುವ ಕೈ ಬೇಕಿತ್ತು.

ಸಂಗ್ರಹ ನೋಡಿಕೊಳ್ಳುತ್ತಿದ್ದವಳು ಉಡುಪಿಯ ಸಮೀಕ್ಷಾ. ಓದಿದ ಹುಡುಗಿ, ಮೂವತ್ತೊಂದರ ವಯಸ್ಸು. ಅಬುಧಾಬಿಯಲ್ಲಿ ಪ್ರದರ್ಶನ ಏರ್ಪಾಡಾಗಿತ್ತು, ಅದರ ವಿವರಫಲಕಗಳನ್ನೂ ಅವಳೇ ಬರೆಯುತ್ತಿದ್ದಳು. ಅರವತ್ತೇಳನೆಯ ಗಾಜಿಗೆ ‘ನಿರ್ಜನ ಬೀದಿ’ ಎಂದು ಬರೆದಿದ್ದಳು.

ಆ ಗಾಜನ್ನು ದೀಪದ ಮೇಜಿನ ಮೇಲಿಟ್ಟ ಗರ್ಟ್ರೂಡ್ ಬಹಳ ಹೊತ್ತು ಬಗ್ಗಿ ನೋಡಿದಳು.

“ಸಮೀಕ್ಷಾ, ಇದ್ರಲ್ಲಿ ಜನ ಉಂಟು.”

“ಎಲ್ಲಿ ಆಂಟಿ? ಆ ಕಪ್ಪು ಮಸುಕಾ? ಅದು ಕೆಮಿಕಲ್ ಸ್ಟೇನ್.”

“ಕಲೆ ಆದ್ರೆ ಎಲ್ಲ ಕಡೆ ಒಂದೇ ಹಾಗೆ ಹರೀತದೆ. ಇದು ಮೇಲೆ ಮಸುಕು, ನೆಲಕ್ಕೆ ತಾಗಿದಲ್ಲಿ ಚೂಪು. ಪಾದ ಅದು. ಮಕ್ಕಳ ಎಕ್ಸ್‌ರೇ ಹೀಗೇ ಬರ್ತಿತ್ತು. ಕಾಲು ಹಿಡ್ಕೊಂಡ್ರೆ ಕೈ ಅಲುಗಿಸ್ತಿದ್ವು, ಕಾಲು ಚೂಪು, ಕೈ ಮಸುಕು.”

ಸಮೀಕ್ಷಾ ಭೂತಕನ್ನಡಿ ತಂದಳು. ಆ ಕಾಲದ ಕ್ಯಾಮೆರಾಗೆ ಒಂದು ಚಿತ್ರ ಹಿಡಿಯಲು ಹಲವು ಸೆಕೆಂಡು ಬೇಕಾಗುತ್ತಿತ್ತು, ನಡೆದು ಹೋದವರು ಅಳಿಸಿಯೇ ಹೋಗುತ್ತಿದ್ದರು. ಇದು ಅವಳಿಗೆ ಪಾಠವಾಗಿ ಗೊತ್ತಿತ್ತು. ಆದರೂ ಒಪ್ಪಲಿಲ್ಲ. “ಒಂದು ಪಾದ ಸಾಕಾಗುದಿಲ್ಲ ಆಂಟಿ. ಫಲಕ ನಾಡಿದ್ದು ಪ್ರಿಂಟಿಗೆ ಹೋಗ್ಬೇಕು.”

ಗರ್ಟ್ರೂಡ್ ಇನ್ನೂ ಸ್ಕ್ಯಾನ್ ಆಗದ ಪೆಟ್ಟಿಗೆಗಳಲ್ಲಿ ಅದೇ ಗೋಡೆ ಹುಡುಕಿದಳು. ಮರುದಿನ ಮಧ್ಯಾಹ್ನ ಸಿಕ್ಕಿತು: ಅದೇ ಗುಂಡೇಟು ತಿಂದ ಕಮಾನು, ಅದೇ ಮುರಿದ ಮೆಟ್ಟಿಲು, ನೆರಳು ಮಾತ್ರ ತುಸು ಸರಿದಿತ್ತು. ಹಿಂದಿನ ಚಿತ್ರದಲ್ಲಿ ಪಾದವಿದ್ದಲ್ಲೇ ಒಬ್ಬ ಹೆಂಗಸು ಕುಕ್ಕರಗಾಲಿನಲ್ಲಿ ಕೂತಿದ್ದಳು. ಎದುರಿಗೆ ಮೂರು ಕಲ್ಲಿನ ಒಲೆ, ಮೇಲೆ ಪಾತ್ರೆ. ಸ್ವಲ್ಪವೂ ಅಲುಗಾಡಿರಲಿಲ್ಲ.

ಸಮೀಕ್ಷಾ ಕುರ್ಚಿ ಎಳೆದು ಕೂತಳು. “ನಾನು ಈ ಗಾಜುಗಳನ್ನು ಒಂದು ವರ್ಷದಿಂದ ನೋಡ್ತಾ ಇದ್ದೇನೆ,” ಎಂದಳು, ತನಗೇ ಹೇಳಿಕೊಂಡ ಹಾಗೆ.

ಫಲಕ ಬದಲಾಯಿತು. ಸ್ಕ್ಯಾನ್ ಮುಗಿದಿದ್ದ ಗಾಜುಗಳನ್ನೂ ಗರ್ಟ್ರೂಡ್ ಮತ್ತೊಮ್ಮೆ ಒಂದೊಂದಾಗಿ ನೋಡಿದಳು. ಖಾಲಿ ಎಂದು ಬರೆದಿದ್ದ ಹನ್ನೊಂದರಲ್ಲಿ ಮನುಷ್ಯರಿದ್ದರು.

ಪ್ರದರ್ಶನಕ್ಕೆ ಗಂಡ ಆಲ್ಫೋನ್ಸ್‌ನನ್ನು ಕರೆದುಕೊಂಡು ಹೋದಳು. ಫಲಕದಲ್ಲಿ ಅವಳ ಹೆಸರಿರಲಿಲ್ಲ, ಅವಳು ಕೇಳಿಯೂ ಇರಲಿಲ್ಲ. ಆಲ್ಫೋನ್ಸ್ ಕನ್ನಡಕ ಸರಿಮಾಡಿಕೊಂಡು ಒಲೆಯೆದುರು ಕೂತ ಹೆಂಗಸಿನ ಚಿತ್ರ ನೋಡಿದ.

“ಊರು ಇಷ್ಟು ಹಾಳಾದ ಮೇಲೂ ಇವಳು ಯಾಕೆ ಹೋಗ್ಲಿಲ್ಲ?”

“ಗೊತ್ತಿಲ್ಲ,” ಎಂದಳು ಗರ್ಟ್ರೂಡ್. “ಅಡುಗೆ ಆಗ್ಬೇಕಿತ್ತು ಕಾಣ್ತದೆ.”