ತೇಲುಮಣೆಯಲ್ಲಿ ಎರಡು ಜಾಗ

ಅವರ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಮಂಡಿನೋವಿದ್ದ ಹೆಂಡತಿ ವರ್ಷಗಟ್ಟಲೆ ಆ ತೋಳು ಹಿಡಿದೇ ನಡೆದಿದ್ದರು. ಆಕೆ ತೀರಿಕೊಂಡ ಮೇಲೂ ಭುಜ ಮೇಲೇಳಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಿಂದ ದಕ್ಷಿಣಕ್ಕಿರುವ ಮಾರ್ಗನ್ ಹಿಲ್‌ನಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಕಿಟಕಿಯಿಂದ, ಪಕ್ಕದ ಮನೆಯ ಈ ಅಂಕಲ್ ಟಪಾಲು ತರಲು ಹೋಗುವುದು ಕಾಣುತ್ತಿತ್ತು. ಇಬ್ಬರು ನಡೆಯುವಷ್ಟು ನಿಧಾನ. ಯಾವಾಗಲೂ ಫುಟ್‌ಪಾತಿನ ಬಲ ಅಂಚಿನಲ್ಲೇ.

ಮಂಡ್ಯದ ಕಡೆಯವರು, ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು. "ಮೊದ್ಲು ಅಳತೆ ತಗೊ, ಆಮ್ಯಾಕೆ ಮಾತಾಡು" ಎನ್ನುವುದು ಅವರ ವಾಡಿಕೆ. ನಾನು ಇಂದಿಗೂ ಕೆಲಸ ಮಾಡುವುದು ಹಾಗೆಯೇ.

ಕುಲುಕಾಟವಿಲ್ಲದ ಗಾಡಿಯಲ್ಲಿ ಕೂರಬೇಕೆಂದು ಹೆಂಡತಿ ಆಸೆಪಟ್ಟಿದ್ದರಂತೆ. ಅದಕ್ಕೇ ಅಂಕಲ್ ಗರಾಜಿನಲ್ಲಿ ಹೋವರ್‌ಕ್ರಾಫ್ಟ್ ಒಂದನ್ನು ಶುರುಮಾಡಿದ್ದರು. ತೇಲುಮಣೆ ಎಂದು ಹೆಸರಿಟ್ಟಿದ್ದರು. ಆಕೆ ಹೋದ ಮೇಲೆ, ಮುಗಿಸಲು ನನ್ನನ್ನು ಕರೆದರು. ದುಂಡಗೆ ಕೊಯ್ದ ಪ್ಲೈವುಡ್, ಯಾರೋ ಎಸೆದ ಈಜುಕೊಳದ ಹೊದಿಕೆ, ಒಣಎಲೆ ಊದುವ ಹಳೆಯ ಬ್ಲೋವರು, ಕಾಫಿ ಡಬ್ಬದ ಮುಚ್ಚಳ. ಹೊಸದಾಗಿ ಕೊಂಡದ್ದು ಟೇಪು ಮಾತ್ರ. ಹೊದಿಕೆಯೊಳಗೆ ತುಂಬಿದ ಗಾಳಿ ಅಡಿಯ ತೂತುಗಳಿಂದ ನುಗ್ಗಿ ಹಲಗೆಯನ್ನು ನೆಲದಿಂದ ಎತ್ತುತ್ತದೆ. ಒಂದೇ ಕಡೆ ಭಾರ ಬಿದ್ದರೆ ವಾಲಿ ನಿಲ್ಲುತ್ತದೆ. ಅವರು ಎರಡು ಕುರ್ಚಿ ಕೂರಿಸಿದರು.

"ಒಂದು ಸಾಕಲ್ವಾ ಅಂಕಲ್?"

"ಹಸೆಮಣೆ ಮ್ಯಾಲೆ ಒಬ್ಬನ್ನೇ ಕೂರ್ಸಿದ್ನ ಎಲ್ಲವ್ವ ನೋಡಿದ್ದೀಯ?"

ಅಪ್ಪ ತೀರಿಹೋದ ಅಮ್ಮನೊಡನೆ ಮಾತಾಡುವುದು ಅವರ ಮಗಳಿಗೆ ಫೋನಿನಲ್ಲಿ ಕೇಳಿಸಿತ್ತು. ಮನೆ ಮಾರಿ ಅವರನ್ನು ಆರೈಕೆ ಕೇಂದ್ರಕ್ಕೆ ಸೇರಿಸುವ ಯೋಚನೆಯಲ್ಲಿ ಒಂದು ಶನಿವಾರ ಮಧ್ಯಾಹ್ನ ಸ್ಯಾನ್ ಫ್ರಾನ್ಸಿಸ್ಕೋದಿಂದ ಬಂದಳು. ನನ್ನನ್ನು ಪಕ್ಕಕ್ಕೆ ಕರೆದಳು.

"ನೀನು ಇಂಜಿನಿಯರು. ಹಾನೆಸ್ಟ್ ಆಗಿ ಹೇಳು. ಡ್ಯಾಡಿ ಓಕೆ ಇದ್ದಾರೆ ಅಂತ ನೀನಂದ್ರೆ ಇಲ್ಲೇ ಬಿಟ್ಟೋಗ್ತೀನಿ."

ತೇಲುಮಣೆಯ ಪರೀಕ್ಷೆಯೂ ಅಂದೇ. ಎಡ ಕುರ್ಚಿಯ ಮೇಲೆ ಮರಳಿನ ಚೀಲ ಇಡೋಣವೆಂದೆ.

"ಬ್ಯಾಡ ಕನವ್ವ, ತೂಕ ಸರ್ಯಾಗೈತೆ" ಎಂದು ಅಂಕಲ್ ಬಲ ಕುರ್ಚಿಯಲ್ಲಿ ಕೂತರು.

ಬ್ಲೋವರು ಕಿರುಚಿತು. ಹಲಗೆ ವಾಲದೆ ಎದ್ದಿತು. ರಸಮಟ್ಟ ಇಟ್ಟೆ, ಗಾಜಿನೊಳಗಿನ ಗುಳ್ಳೆ ಎರಡು ಗೆರೆಗಳ ನಟ್ಟನಡುವೆ ನಿಂತಿತು. ಮಟ್ಟವನ್ನು ತಿರುಗಿಸಿ ಇಟ್ಟೆ. ಅಲ್ಲೇ ನಿಂತಿತು. ಒಂದೇ ಬೆರಳಿನಿಂದ ತಳ್ಳಿದೆ. ಅಂಕಲ್ ಎಡಕ್ಕೆ ಮುಖ ತಿರುಗಿಸಿ ಏನೋ ಹೇಳುತ್ತ, ನೀರಿನ ಮೇಲೆಂಬಂತೆ ದೂರ ಸರಿದರು.

"ಆ ಕಡೆ ವೇಯ್ಟು ಇಟ್ಟಿದ್ದೀರಾ?" ಮಗಳು ಕೇಳಿದಳು.

"ಇಟ್ಟಿದ್ದೀವಿ, ಸೀಟಿನ ಕೆಳಗೆ. ಅಂಕಲ್ ಚೆನ್ನಾಗೇ ಇದ್ದಾರೆ."

ಅವಳು ಹೊರಟುಹೋದ ಮೇಲೆ ನಾನೇ ಬಲಗಡೆ ಕೂತು ನೋಡಿದೆ. ಬಲ ಅಂಚು ಆ ಕ್ಷಣವೇ ಕಾಂಕ್ರೀಟಿಗೆ ಉಜ್ಜಿ ನಿಂತಿತು. ಅಂಕಲ್ ಬಾಗಿ ಬ್ಲೋವರು ಆರಿಸಿದರು.

"ನಿನ್ ಪಕ್ಕ ಯಾರೂ ಇಲ್ವಲ್ಲವ್ವ," ಎಂದು ನಕ್ಕರು. "ವಾಲ್ದೆ ಇನ್ನೇನ್ ಮಾಡೀತು?"

ಅದೇ ಮನೆಯಲ್ಲಿ ಇನ್ನೆರಡು ವರ್ಷ ಇದ್ದು, ನಿದ್ದೆಯಲ್ಲೇ ಹೋದರು.

ಅಂತಿಮ ದರ್ಶನಕ್ಕೆ ಹೋದಾಗ ಮಗಳು ಪೆಟ್ಟಿಗೆಯ ಪಕ್ಕ ನಿಂತು ಅವರ ಅಂಗಿ ಸರಿಪಡಿಸುತ್ತಿದ್ದಳು. ಇಸ್ತ್ರಿ ಮಾಡಿದ ಹೊಸ ಅಂಗಿ. ಎಡತೋಳು ಮಾತ್ರ ಮೊಣಕೈಯ ಒಳಗಡೆ, ಹಿಡಿದಂತೆ, ಮುದುರಿತ್ತು. ಅವಳು ಅಂಗೈಯಿಂದ ನೇವರಿಸಿದಳು. ಕೈ ತೆಗೆದಳು. ಮತ್ತೆ ಮುದುರಿತು.

ಅವಳು ತಲೆಯೆತ್ತಲಿಲ್ಲ. "ಅವತ್ತು ಸೀಟಿನ ಕೆಳಗೆ ಏನಿತ್ತು?"

"ಏನೂ ಇರಲಿಲ್ಲ" ಎಂದೆ.

ಅವಳು ಅಪ್ಪನ ಎಡಗಡೆ ಒತ್ತಾಗಿ ಜೋಡಿಸಿದ್ದ ಹೂಗಳನ್ನು ಒಂದೊಂದಾಗಿ ತೆಗೆದು ಬಲಗಡೆಗೆ ಇಟ್ಟಳು.