ಗಂಜಿ ಹಾಕಿದ ನೊಣಗಳು

ಮೊನ್ನೆ ತಿರುಪ್ಪೂರಿನ ಬಸ್ ಸ್ಟ್ಯಾಂಡಿನಲ್ಲಿ ನನ್ನ ಚಪ್ಪಲಿಯ ಪಟ್ಟಿ ಕಿತ್ತುಬಂತು. ಮೂಲೆಯಲ್ಲಿ ಕೂತಿದ್ದ ಚಪ್ಪಲಿ ಹೊಲಿಯುವವನ ಮುಂದೆ ಒಂಟಿಕಾಲಿನಲ್ಲಿ ನಿಂತೆ. ಅವನು ದಾರವನ್ನು ಕರಿ ಮೇಣದ ಉಂಡೆಯ ಮೇಲೆ ಸರ್ರನೆ ಎಳೆದ. ವಾಸನೆ ಎದ್ದಿತು. ಜೇನಿನದೂ ಹೌದು, ರಾಳದ್ದೂ ಹೌದು... ನಾನು ಕಣ್ಣು ಮುಚ್ಚಿಕೊಂಡೆ. "ಏನಮ್ಮಾ, ತಲೆ ಸುತ್ತುತ್ತಾ?" ಎಂದು ಅವನು ತಮಿಳಿನಲ್ಲಿ ಕೇಳಿದ. ಇಲ್ಲಪ್ಪ, ನೀನು ಹೊಲಿ ಎಂದೆ. ಬಸ್ಸು ಹೋಗಿಬಿಟ್ಟಿತು, ನಾನು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಅಕ್ಕನನ್ನು ನೆನೆಸಿಕೊಂಡೆ.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ, ನನ್ನ ಗಂಡನ ಅಕ್ಕ. ನಾನು ಕೊಯಮತ್ತೂರಿನ ನೇಕಾರರ ಬೀದಿಗೆ ಸೊಸೆಯಾಗಿ ಬಂದಾಗ ಅವಳು ಗಂಡನನ್ನು ಕಳೆದುಕೊಂಡು ತವರಿಗೆ ಮರಳಿ ಕೆಲವು ವರ್ಷವಾಗಿತ್ತು. ಊರಲ್ಲಿ ಮಿಲ್ಲುಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ನಮ್ಮ ಬೀದಿಯಲ್ಲಿ ಮಾತ್ರ ಇನ್ನೂ ಕೈಮಗ್ಗದ್ದೇ ಸದ್ದು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನನ್ನ ಅತ್ತೆಗೆ ಇವೆರಡರಲ್ಲೂ ಬೈಯಲು ಬರುತ್ತಿತ್ತು. ಆ ಮನೆಯಲ್ಲಿ ನನ್ನ ಜೊತೆ ಮನುಷ್ಯರ ಹಾಗೆ ಮಾತಾಡಿದವಳು ಅಕ್ಕ ಒಬ್ಬಳೇ. ತಮಿಳರ ಹಾಗೆ ಮುದ್ದಿನಿಂದ ನನ್ನನ್ನು ಕಣ್ಣು ಎಂದು ಕರೆಯುತ್ತಿದ್ದಳು. ನನ್ನ ಸಾರಿಗೆ ಉಪ್ಪು ಜಾಸ್ತಿಯಾದರೆ, "ಇವತ್ತು ಸಮುದ್ರ ಮನೆಗೇ ಬಂದದೆ" ಎಂದು ನಗುತ್ತಾ ತಾನೇ ಸುಮ್ಮನೆ ನೀರು ಬೆರೆಸುತ್ತಿದ್ದಳು.

ಮಗ್ಗದಲ್ಲಿ ಹೆಂಗಸರು ಕೂರುವಂತಿರಲಿಲ್ಲ. ಅಕ್ಕ ರಾಟೆಯಲ್ಲಿ ನೂಲು ಸುತ್ತುತ್ತಿದ್ದಳು, ಹರಿದ ಎಳೆ ಕೂಡಿಸುತ್ತಿದ್ದಳು. ಅವಳು ಕೂಡಿಸಿದ ಎಳೆಯಲ್ಲಿ ಗಂಟು ಎಲ್ಲಿದೆ ಎಂದು ನನ್ನ ಗಂಡನಿಗೂ ಸಿಗುತ್ತಿರಲಿಲ್ಲ.

ಒಂದು ದಿನ ಧಾರಾಪುರದಿಂದ ಅಕ್ಕನ ಭಾವ, ಅಂದರೆ ತೀರಿಹೋದ ಗಂಡನ ಅಣ್ಣ, ಹೇಳಿಕಳಿಸಿದರು. ಅವರ ಮನೆಯಲ್ಲಿ ತೋಟ, ದನ, ಹಾಸಿಗೆ ಹಿಡಿದ ಮುದುಕಿ. ಅಡುಗೆಗೂ ಆರೈಕೆಗೂ ಒಬ್ಬರು ಬೇಕಂತೆ, ಬೇಸಿಗೆ ಕಳೆದ ಮೇಲೆ ಗಾಡಿ ಕಳಿಸುತ್ತಾರಂತೆ. ಹೆಣ್ಣು ಸೇರಬೇಕಾದದ್ದು ಗಂಡನ ಮನೆಯೇ ಎಂದು ಅತ್ತೆ ಒಪ್ಪಿಬಿಟ್ಟರು. ಅಕ್ಕ ರಾಟೆ ತಿರುಗಿಸುತ್ತಲೇ ಇದ್ದಳು. ನಾನು ಮಾತ್ರ ರಾತ್ರಿಯೆಲ್ಲ ಗಂಡನ ಪ್ರಾಣ ತಿಂದೆ. ಅಕ್ಕ ಹೋದರೆ ಈ ಮನೆಯಲ್ಲಿ ನಾನು ಹೇಗೆ ಉಸಿರಾಡಲಿ ಎಂಬುದೇ ನನ್ನ ಚಿಂತೆ, ಅದನ್ನು ಮುಚ್ಚಿಟ್ಟು ಏನಾಗಬೇಕು.

ಇಂಥದ್ದರ ನಡುವೆ ಬಂದವರು ಡಾಕ್ಟರು. ಪಕ್ಕದ ಬೀದಿಯಲ್ಲಿದ್ದರು, ನಮ್ಮ ಭಾಷೆಯವರೇ, ಸರ್ಕಾರಿ ಕೆಲಸ. ಅವರ ಮೇಲಧಿಕಾರಿ ಒಬ್ಬ ಬಿಳಿಯ. ರಜೆ ಬಂದರೆ ಊಟಿಗೆ ಹೋಗಿ ಹಳ್ಳದಲ್ಲಿ ಟ್ರೌಟ್ ಎನ್ನುವ ಮೀನು ಹಿಡಿಯುತ್ತಾನೆ, ನೀವೂ ಬನ್ನಿ ಎಂದನಂತೆ. ಮೀನು ತಿನ್ನದ ನಮ್ಮ ಡಾಕ್ಟರು ಹೂಂ ಎಂದುಬಿಟ್ಟರು! ಅದಕ್ಕೆ ಎರೆಹುಳ ಹಾಕಿ ಹಿಡಿಯುವುದು ದೊಡ್ಡವರಿಗೆ ಮರ್ಯಾದೆಯಲ್ಲವಂತೆ. ಚಿಕ್ಕ ಕೊಕ್ಕೆಗೆ ಪುಕ್ಕ, ರೇಷ್ಮೆ ಸುತ್ತಿ ನೊಣದ ವೇಷ ಹಾಕಿ, ಅದನ್ನು ನೀರಿನ ಮೇಲೆ ಬೀಸಿ ಮೀನಿಗೆ ಮಂಕುಬೂದಿ ಎರಚಬೇಕು.

ಡಾಕ್ಟರು ಮದರಾಸಿನಿಂದ ಒಂದು ಗಾಳದ ಕೋಲು ತರಿಸಿದರು. ದೊಡ್ಡದು ತೆಗೆದುಕೊಂಡರೆ ಎಲ್ಲಕ್ಕೂ ಆಗುತ್ತದೆ ಎಂದು ಅಂಗಡಿಯವನು ಗಂಟುಹಾಕಿದ್ದ. ಅದು ಕಾವೇರಿಯ ಆಳುದ್ದದ ಮೀನಿಗೆ ಮಾಡಿದ ದಪ್ಪ ಕೋಲು. ಅದಕ್ಕೆ ಕಟ್ಟಿದ್ದು ಮಾತ್ರ ತೆಳ್ಳನೆಯ ದಾರ. ಅಭ್ಯಾಸಕ್ಕೆ ಅವರಿಗೆ ಬೇಕಾಗಿದ್ದು ಉದ್ದನೆಯ, ನೆಟ್ಟನೆಯ ಜಾಗ. ಊರಲ್ಲಿ ಅಂಥದ್ದು ನಮ್ಮ ಬೀದಿಯೇ. ಆದರೆ ಬೆಳಗಿನ ಹೊತ್ತು ನಮ್ಮ ಬೀದಿ ನಡೆಯುವುದಕ್ಕಲ್ಲ, ಪಾವು, ಅಂದರೆ ಮಗ್ಗದ ಹಾಸುನೂಲು, ಹಾಸುವುದಕ್ಕೆ. ಸೀರೆಯ ಉದ್ದದ ಎಳೆಗಳನ್ನೆಲ್ಲ ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಸವರಿ, ಕುಂಚದಿಂದ ಬಾಚಿ ಬಿಸಿಲೇರುವ ಮೊದಲು ಒಣಗಿಸುತ್ತಿದ್ದೆವು.

ಡಾಕ್ಟರು ಕೋಲು ಬೀಸಿದರು. ಮೊದಲ ಸಲ ಅವರ ಪೇಟ ಹಾರಿತು. ಎರಡನೇ ಸಲ ಕೊಕ್ಕೆ ಬಂದು ನಮ್ಮ ಪಾವಿಗೇ ಸಿಕ್ಕಿಕೊಂಡಿತು. ಗಾಬರಿಯಲ್ಲಿ ಅವರು ಜಗ್ಗಿದರು, ಎಳೆಗಳು ಪಟಪಟ ಹರಿದವು. ನನ್ನ ಗಂಡ ಕುಂಚ ಎಸೆದು ತಲೆಯ ಮೇಲೆ ಕೈಹೊತ್ತು ಕೂತರು. ಡಾಕ್ಟರೆಂಬ ಗೌರವಕ್ಕೆ ಬಾಯಿ ಬಿಗಿಹಿಡಿದಿದ್ದರು, ಮುಖ ಮಾತ್ರ ಕೆಂಡವಾಗಿತ್ತು.

ಅಕ್ಕ ಸೆರಗು ತಲೆಗೆಳೆದುಕೊಂಡು ಒಳಗಿನಿಂದ ಬಂದಳು. ಕೊಕ್ಕೆ ಬಿಡಿಸಿದಳು, ಎಳೆಗಳನ್ನು ಒಂದೊಂದಾಗಿ ಕೂಡಿಸಿದಳು. ಆಮೇಲೆ ಆ ನೊಣವನ್ನು ಹಿಂದಕ್ಕೆ ಕೊಡಬೇಕಲ್ಲ? ಕೊಡಲಿಲ್ಲ. ಅಂಗೈಯಲ್ಲಿಟ್ಟು ತಿರುಗಿಸಿ ನೋಡುತ್ತಾ ನಿಂತಳು. ಉಗುರಿನಿಂದ ತುದಿ ಎಬ್ಬಿಸಿ ಸುತ್ತು ಸುತ್ತಾಗಿ ಬಿಚ್ಚಿಯೇಬಿಟ್ಟಳು.

"ಅಯ್ಯಯ್ಯೋ, ಅದು ಬಿಳಿಯರ ಸೀಮೆಯಿಂದ ಬಂದದ್ದಮ್ಮ!" ಎಂದರು ಡಾಕ್ಟರು.

"ಬಿಚ್ಚಕ್ಕೆ ಬರೋದು ಕಟ್ಟಕ್ಕೂ ಬರತ್ತೆ. ಪುಕ್ಕ ತಂದ್ಕೊಡಿ, ಕಟ್ಟಿಕೊಡ್ತೀನಿ" ಎಂದಳು ಅಕ್ಕ. ಅವಳು ಗಂಡಸರ ಎದುರು ಅಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಡಾಕ್ಟರು ಆನೆಮಲೆಯ ಕಡೆಯ ಬೇಟೆಗಾರನೊಬ್ಬನಿಂದ ಕಾಡುಹುಂಜದ ಕತ್ತಿನ ಪುಕ್ಕ ತರಿಸಿದರು. ಅಬ್ಬಾ, ಅದರ ಚೆಂದ! ಒಂದೊಂದು ಗರಿಯ ಮೇಲೂ ಹಳದಿ ಬಿಳಿ ಚುಕ್ಕೆ, ಅರಗು ತೊಟ್ಟಿಕ್ಕಿದ ಹಾಗೆ. ಅತ್ತೆ ಕೂಗಾಡಿದರು: "ಶಿವಪೂಜೆ ಮಾಡೋ ಮನೇಲಿ ಕೋಳಿ ಪುಕ್ಕವಾ? ಆಚೆ ಹಾಕು!" ಕೊನೆಗೆ ಹಿತ್ತಿಲ ಕೊಟ್ಟಿಗೆಯಲ್ಲಿ ಕಟ್ಟಬಹುದು, ಕಟ್ಟಿದ ಮೇಲೆ ತಲೆಗೆ ಸ್ನಾನ ಮಾಡದೆ ಒಳಗೆ ಬರಬಾರದು ಎಂದು ತೀರ್ಮಾನವಾಯಿತು. ನಾನೂ ಕಲಿಯುತ್ತೇನೆಂದು ಕೂತೆ. ಇಬ್ಬರಿಗೂ ದಿನಾ ತಲೆಸ್ನಾನ, ನನಗೆ ದಿನಾ ನೆಗಡಿ. ನಾನು ಕಟ್ಟಿದ್ದು ನೊಣದ ಹಾಗೆ ಕಾಣುತ್ತಿರಲಿಲ್ಲ, ನೊಣವನ್ನು ಯಾರೋ ಹೊಡೆದುಹಾಕಿದ ಹಾಗೆ ಕಾಣುತ್ತಿತ್ತು. ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಅವಳು ಕಟ್ಟಿದವು ಮಾತ್ರ ಅಂಗೈಯಿಂದ ಹಾರಿಹೋಗುತ್ತವೇನೋ ಎಂಬಂತಿದ್ದವು. ಕೊಕ್ಕೆಯನ್ನು ಮರದ ಸೀಳಿಗೆ ಸಿಕ್ಕಿಸಿ, ಮೊದಲು ರೇಷ್ಮೆ ಸುತ್ತಿ ಮೈ ಮಾಡಿ, ಆಮೇಲೆ ಗರಿಯನ್ನು ಕತ್ತಿನ ಸುತ್ತ ನಿಲ್ಲಿಸುತ್ತಿದ್ದಳು. ಸೀಮೆಯ ನೊಣ ಬಿಚ್ಚಿದಾಗ ಅದರ ದಾರ ಅಂಟಂಟಾಗಿತ್ತು, ಅದು ಕೊಳೆ ಎಂದುಕೊಂಡಳು. ನಮ್ಮ ದಾರ ಹಾಗಿರಬಾರದು ಎಂದು ರೇಷ್ಮೆಯನ್ನು ತೊಳೆದು, ಒಳ್ಳೆ ಅಕ್ಕಿ ಗಂಜಿ ಹಾಕಿ, ಒಣಗಿಸಿ ಕಟ್ಟಿದಳು. ಅದು ತಪ್ಪು ಎಂದು ನಮ್ಮ ಬೀದಿಯಲ್ಲಿ ಯಾರಿಗೂ ಹೊಳೆಯುವಂತಿರಲಿಲ್ಲ. ಗಂಜಿ ಕಾಣದ ನೂಲು ನಮಗೆ ಬಟ್ಟೆ ಹಾಕದ ಮಗುವಿದ್ದ ಹಾಗೆ.

ಡಾಕ್ಟರು ನೋಡಿ ದಂಗಾದರು. ಇವು ನಡೆದರೆ ಆ ಬಿಳಿಯರಿಗೆಲ್ಲ ಕಟ್ಟಿಸಿಕೊಡುತ್ತೇನೆ, ವರ್ಷವಿಡೀ ಕೆಲಸವಿರುತ್ತದೆ ಎಂದರು. ನಾನು ತಡಮಾಡಲಿಲ್ಲ. ದುಡಿಯುವ ಮಗಳನ್ನು ಯಾರಾದರೂ ಧಾರಾಪುರಕ್ಕೆ ಕಳಿಸುತ್ತಾರಾ ಎಂದು ಅತ್ತೆಯ ಕಿವಿಯಲ್ಲಿ ಊದಿದೆ. ಅತ್ತೆ ಲೆಕ್ಕಾಚಾರದ ಹೆಂಗಸು. ನೋಡೋಣ, ನಡೆದರೆ ಇರಲಿ ಎಂದರು.

ನಡೆಯಲಿಲ್ಲ. ಊಟಿಯಿಂದ ಇಳಿದ ಡಾಕ್ಟರು ನೇರ ನಮ್ಮ ಮನೆಗೆ ಬಂದು ಒಂದು ತಗಡಿನ ಡಬ್ಬಿ ತೆರೆದು ತೋರಿಸಿದರು. ಬರೀ ಕೊಕ್ಕೆಗಳು, ಸಿಕ್ಕುಸಿಕ್ಕಾದ ರೇಷ್ಮೆ, ಒದ್ದೆ ಗರಿ.

"ನೀರಿಗೆ ಬಿದ್ದದ್ದೇ ತಡ, ಬಿಚ್ಕೊಂಡು ಹೋಯ್ತಮ್ಮ. ಅವರ ಮುಂದೆ ನನ್ನ ಮುಖ ಎಲ್ಲಿಟ್ಕೊಳ್ಲಿ?"

ಅತ್ತೆ ಅವತ್ತೇ ಧಾರಾಪುರಕ್ಕೆ ಗಾಡಿ ಕಳಿಸಿ ಎಂದು ಹೇಳಿಕಳಿಸಿದರು. ನಾನು ಒಲೆಯ ಮುಂದೆ ಕೂತು ಹೊಗೆಯ ನೆಪದಲ್ಲಿ ಕಣ್ಣೀರು ಸುರಿಸಿದೆ.

ಅಕ್ಕ ಅಳಲಿಲ್ಲ. ಉಳಿದಿದ್ದ ಒಂದು ನೊಣವನ್ನು ಚೊಂಬಿನ ನೀರಿಗೆ ಹಾಕಿ ಮುಂದೆ ಕೂತಳು. ಸ್ವಲ್ಪ ಹೊತ್ತಿಗೆ ನೀರು ತೆಳ್ಳಗೆ ಬೆಳ್ಳಗಾಯಿತು. ಅವಳು ಹಣೆ ಚಚ್ಚಿಕೊಂಡಳು. ಬಟ್ಟೆಗಾದರೆ ಗಂಜಿ ಹೋದರೂ ಎಳೆಗೆ ಎಳೆ ಆತುಕೊಂಡು ನಿಲ್ಲುತ್ತದೆ. ಇಲ್ಲಿರುವುದು ಒಂದೇ ಎಳೆ, ಗಂಜಿ ಕರಗಿದರೆ ಅದನ್ನು ಹಿಡಿಯುವವರು ಯಾರು?

ಮಾರನೇ ಬೆಳಿಗ್ಗೆ ರಾಗಿ ಬೀಸುತ್ತಾ ಬೀಸುತ್ತಾ ಕಲ್ಲು ನಿಲ್ಲಿಸಿ ಕೇಳಿದಳು:

"ಕಣ್ಣು, ದಿನವಿಡೀ ನೀರಲ್ಲೇ ಇದ್ರೂ ಬಿಚ್ಚದ ಹೊಲಿಗೆ ಯಾವ್ದು ಹೇಳು?"

"ನಂಗೇನ್ ಗೊತ್ತು?"

"ಕಪಿಲೆ ಬಾವೀದು! ನೀರು ಸೇದೋ ತೊಗಲು ಚೀಲದ್ದು!"

ಹೌದಲ್ಲ! ಊರ ಸುತ್ತ ತೋಟತೋಟಕ್ಕೂ ಬಾವಿ, ಎತ್ತು ಎಳೆಯುವ ತೊಗಲಿನ ಚೀಲ ಹೊತ್ತು ಮೂಡಿದಾಗಿನಿಂದ ನೀರಲ್ಲಿ ಮುಳುಗಿ ಏಳುತ್ತದೆ, ಅದರ ಹೊಲಿಗೆ ಜಗ್ಗುವುದಿಲ್ಲ. ಅದನ್ನು ಹೊಲಿಯುವವನು ಕೆರೆಯ ಏರಿಯ ಕೆಳಗೆ ಕೂರುತ್ತಿದ್ದ. ಆದರೆ ಅವನ ಹತ್ತಿರ ನಾವು ಹೋಗುವುದು ಹೇಗೆ? ಆ ಕಾಲದಲ್ಲಿ ಅವನ ನೆರಳಿಗೂ ನಮ್ಮವರು ಮೂಗು ಮುರಿಯುತ್ತಿದ್ದರು, ನೆನೆದರೆ ನಾಚಿಕೆಯಾಗುತ್ತದೆ. ನಾನು ಸದ್ದಿಲ್ಲದೆ ಹೋಗಿ ನನ್ನ ಗಂಡನ ಗಟ್ಟಿಮುಟ್ಟಾದ ಚಪ್ಪಲಿಯ ಉಂಗುಷ್ಟ ಕಿತ್ತೆ. ಹೊಲಿಸಿಕೊಂಡು ಬರುತ್ತೇವೆ ಎಂದು ಇಬ್ಬರೂ ಹೊರಟೆವು.

ಅವನು ದಾರಕ್ಕೆ ಮೇಣ ತಿಕ್ಕುವುದನ್ನು ಅಕ್ಕ ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಅವನ ಎದುರು ನೆಲದ ಮೇಲೇ ಕೂತು ಆ ಮೇಣದ ಉಂಡೆಯನ್ನು ಕೈಗೆ ತೆಗೆದುಕೊಂಡು ಮೂಸಿದಳು. ಅವನೇ ಹೆದರಿ ಹಿಂದೆ ಸರಿದ. "ಕೊಳೆ ಅಲ್ಲ ಅದು, ಸೀಮೆಯವರೂ ಇದನ್ನೇ ತಿಕ್ಕಿದ್ದು" ಎಂದು ಅಕ್ಕ ನನ್ನ ಕಡೆ ತಿರುಗಿ ನಕ್ಕಳು. ಆ ನಗು... ಅವಳು ನನಗೆ ಹಾಗೇ ನೆನಪಾಗುತ್ತಾಳೆ, ಏರಿಯ ಕೆಳಗಿನ ಧೂಳಿನಲ್ಲಿ ಕೂತು, ಬೆರಳೆಲ್ಲ ಕಪ್ಪಾಗಿ.

ಮೇಣ ತಿಕ್ಕಿದ ರೇಷ್ಮೆಯಲ್ಲಿ ಅವಳು ಮತ್ತೆ ನೊಣ ಕಟ್ಟಿದಳು. ಇಡೀ ದಿನ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟೆವು, ನಾನು ಕೋಲಿನಿಂದ ಕಲಕಿಯೂ ನೋಡಿದೆ. ಒಂದು ಗರಿಯೂ ಅಲುಗಲಿಲ್ಲ. ಡಾಕ್ಟರನ್ನು ಒಪ್ಪಿಸುವುದೇ ಕಷ್ಟವಾಯಿತು. ಅಕ್ಕ ತಾನೇ ಅವರ ಮನೆಯ ಜಗಲಿಗೆ ಹೋಗಿ ನಿಂತು, "ಇದೊಂದು ದಪ ತಗೊಂಡ್ಹೋಗಿ ಡಾಕ್ಟ್ರೇ. ಇದೂ ಬಿಚ್ಚಿದ್ರೆ ನಾ ಗಾಡಿ ಹತ್ತಿಬಿಡ್ತೀನಿ" ಎಂದಳು. ಅಷ್ಟರಲ್ಲಿ ಡಾಕ್ಟರೂ ಸ್ವಲ್ಪ ಕಲಿತಿದ್ದರು. ದಪ್ಪ ಕೋಲನ್ನು ಹಿಂದಿರುಗಿಸಿ, ಸೀಳಿದ ಬಿದಿರಿನ ಹಗುರ ಕೋಲು ತೆಗೆದುಕೊಂಡಿದ್ದರು, ಅದಕ್ಕೆ ಒಪ್ಪುವ ತೂಕದ ದಾರ. ನೊಣದಲ್ಲಿ ಭಾರವೇ ಇಲ್ಲವಲ್ಲ, ಎಸೆಯಬೇಕಾದ್ದು ದಾರವನ್ನು ಎಂದು ಮೇಲಧಿಕಾರಿ ಹೇಳಿಕೊಟ್ಟಿದ್ದನಂತೆ.

ಅವರು ಮೇಟುಪಾಳ್ಯದಿಂದ ರೈಲು ಹತ್ತಿದ ಎರಡು ದಿನಕ್ಕೆ ಧಾರಾಪುರದ ಗಾಡಿ ಬಂತು. ಕಾಂಗೇಯದ ಜೋಡೆತ್ತು, ಒಳಗೆ ಭಾವ. ಅಕ್ಕನ ಪೆಟ್ಟಿಗೆ ನಡುಮನೆಗೆ ಬಂತು. ಭಾವನಿಗೆ ಊಟ ಬಡಿಸುತ್ತಾ ಬಡಿಸುತ್ತಾ ನಾನು ಬೇಕೆಂದೇ ತಡಮಾಡಿದೆ, ಸಾರನ್ನು ಮತ್ತೆ ಬಿಸಿ ಮಾಡಿದೆ, ಪಾಯಸ ಮಾಡುತ್ತೇನೆಂದೆ, ಎತ್ತಿಗೆ ಸುಸ್ತಾಗಿದೆ ಎಂದೆ. ಸಂಜೆಯಾಯಿತು. ಅಷ್ಟರಲ್ಲಿ ಬೀದಿಯಲ್ಲಿ ಡಾಕ್ಟರ ದನಿ.

ನೊಣ ಬಿಚ್ಚಿರಲಿಲ್ಲ. ಮೀನು ಕಚ್ಚಿತ್ತು! ಡಾಕ್ಟರು ಹಿಡಿದು, ಮತ್ತೆ ನೀರಿಗೇ ಬಿಟ್ಟಿದ್ದರು. ನೊಣಗಳನ್ನು ನೋಡಿದವರೆಲ್ಲ ಯಾರು ಕಟ್ಟಿದ್ದು ಎಂದು ಮುತ್ತಿಕೊಂಡರಂತೆ. ಊಟಿಯಲ್ಲಿ ಮೀನು ಹಿಡಿಯುವ ಸಾಮಾನಿನ ಅಂಗಡಿ ನಡೆಸುವ ಒಬ್ಬ ಮುದುಕಿ ದೊರೆಸಾನಿ, ಎಷ್ಟು ಕಟ್ಟಿದರೂ ತೆಗೆದುಕೊಳ್ಳುತ್ತೇನೆ, ಕಟ್ಟುವವರು ಇಲ್ಲೇ ಬಂದರೆ ಅಂಗಡಿಯ ಹಿಂದೆ ಒಂದು ಕೋಣೆಯೂ ಇದೆ ಎಂದಳಂತೆ. ಡಾಕ್ಟರು ಆ ಕೊನೆಯ ಮಾತನ್ನು ತಮಾಷೆಯಾಗಿ ಹೇಳಿ ನಕ್ಕರು. ನಾವೂ ನಕ್ಕೆವು. ಅಕ್ಕ ನಗಲಿಲ್ಲ.

ಅತ್ತೆಯ ಬಾಯಲ್ಲಿ ಆ ಕ್ಷಣಕ್ಕೇ ಮಾತು ಬದಲಾಯಿತು. ನಮ್ಮ ಮನೆ ಲಕ್ಷ್ಮಿ, ಎಲ್ಲೂ ಕಳಿಸಲ್ಲ ಎಂದರು. ಭಾವ ಸಿಡಿಮಿಡಿಗೊಂಡು ಖಾಲಿ ಗಾಡಿ ಹೊಡೆದುಕೊಂಡು ಹೋದರು. ನಾನು ಕುಣಿಯುವುದೊಂದು ಬಾಕಿ. ಪೆಟ್ಟಿಗೆಯನ್ನು ಒಳಗಿಡಲು ಎತ್ತಿದೆ.

"ಅಲ್ಲೇ ಇರ್ಲಿ ಕಣ್ಣು" ಎಂದಳು ಅಕ್ಕ. "ನಾ ಊಟಿಗೆ ಹೋಗ್ತೀನಿ."

ಎಲ್ಲರೂ ಒಟ್ಟಿಗೇ ಕೂಗಿದೆವು. ಜನ ಏನೆನ್ನುತ್ತಾರೆ ಎಂದು ಅತ್ತೆ, ಒಬ್ಬಳೇನಾ ಎಂದು ನನ್ನ ಗಂಡ. ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನೇ. ನಿನ್ನನ್ನು ಉಳಿಸಿಕೊಳ್ಳಲು ನಾನು ಇಷ್ಟೆಲ್ಲ ಒದ್ದಾಡಿದೆ, ನೀನು ಹೀಗೆ ಮಾಡುತ್ತೀಯಾ ಎಂದೆ. ಅವಳು ನನ್ನ ಕೆನ್ನೆ ಮುಟ್ಟಿದಳು.

"ಅಮ್ಮ ಹೋಗು ಅಂದ್ಳು. ನೀ ಇರು ಅಂದೆ. ಎಲ್ಲಿರ್ತೀಯ ಅಂತ ಒಬ್ರಾದ್ರೂ ನನ್ನ ಕೇಳಿದ್ರಾ?"

ನಾನು ಎತ್ತಿದ್ದ ಪೆಟ್ಟಿಗೆಯನ್ನು ಕೆಳಗಿಟ್ಟೆ. ಡಾಕ್ಟರ ಮನೆಯವರ ಜೊತೆ ಅವಳು ರೈಲು ಹತ್ತಿದಳು. ವರ್ಷಕ್ಕೊಮ್ಮೆ ಪೊಂಗಲ್ಲಿಗೆ ಉಣ್ಣೆಯ ಸ್ವೆಟರ್ ಹಾಕಿಕೊಂಡು ಬರುತ್ತಿದ್ದಳು, ಮೊದಲಿಗಿಂತ ಗಟ್ಟಿಯಾಗಿ ನಗುತ್ತಿದ್ದಳು. ನಾನು ಮುಖ ಊದಿಸಿಕೊಂಡೇ ಬಡಿಸುತ್ತಿದ್ದೆ. ಬಾ, ನಮ್ಮ ಹಳ್ಳ ನೋಡುವೆಯಂತೆ ಎಂದು ಪ್ರತಿ ಸಲ ಕರೆಯುತ್ತಿದ್ದಳು. ಮಕ್ಕಳು, ಬಾಣಂತನ, ಮಗ್ಗ... ಹೋಗಲಾಗಲೇ ಇಲ್ಲ. ಒಂದು ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ಅವಳು ಹೋದಳು ಎಂಬ ಸುದ್ದಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೊನೆಯ ಸಲ ಮುಖ ನೋಡಲೂ ಸಿಗಲಿಲ್ಲ.

ಈಗ ನನ್ನ ಮಕ್ಕಳು ಒಳ್ಳೆಯವರೇ, ಸುಳ್ಳು ಹೇಳಬಾರದು. ಆದರೆ ಹಬ್ಬಕ್ಕೆ ಎಲ್ಲರೂ ಸೇರಿದಾಗ, ಅಮ್ಮ ಈ ವರ್ಷ ತಿರುಪ್ಪೂರಿನಲ್ಲಿರಲಿ, ಇಲ್ಲ ಕೊಯಮತ್ತೂರೇ ವಾಸಿ, ಅಲ್ಲಿ ಆಸ್ಪತ್ರೆ ಹತ್ತಿರ ಎಂದು ನನ್ನೆದುರಿಗೇ ಮಾತಾಡಿಕೊಳ್ಳುತ್ತಾರೆ. ಎಲ್ಲರೂ ಪ್ರೀತಿಯಿಂದಲೇ ಮಾತಾಡುತ್ತಾರೆ. ನಾನು ತಟ್ಟೆ ನೋಡಿಕೊಂಡು ಉಣ್ಣುತ್ತೇನೆ. ಆಗೆಲ್ಲ ಅಕ್ಕ ಪಕ್ಕದಲ್ಲಿರಬೇಕಿತ್ತು ಎನ್ನಿಸುತ್ತದೆ. ಅವಳಾಗಿದ್ದರೆ ಇವರನ್ನೆಲ್ಲ ಸುಮ್ಮನಿರಿಸಿ, ನನ್ನ ಕಡೆ ತಿರುಗಿ, "ನೀ ಎಲ್ಲಿರ್ತೀಯ ಕಣ್ಣು?" ಎಂದು ಕೇಳುತ್ತಿದ್ದಳು.